ಹಟ್ಟಿಗೂ ಹಾಡಿಗೂ ನಡುವಿನ ದಾರಿ

1957ರ ಬೇಸಿಗೆ. ಘಟ್ಟದ ಮೇಲೆ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ ಹೋಗಿ ಬಂದವರು ಕೆಂಡದಂಥ ಜ್ವರ, ತಲೆನೋವು, ಮೈಕೈ ಸೆಳೆತದಿಂದ ಮಲಗಿದರು. ಕೆಲವರ ಮೂಗಿನಲ್ಲಿ, ವಸಡಿನಲ್ಲಿ ರಕ್ತ.

ಸುದ್ದಿ ಕೇಳಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಗಾಬರಿಯಾಯಿತು. ಕಾಡಿನ ಮಂಗ ಸಾಯುವುದು, ಹಿಂದೆಯೇ ಮನುಷ್ಯರಿಗೆ ಜ್ವರ ಬರುವುದು ದಕ್ಷಿಣ ಅಮೆರಿಕದ ಹಳದಿ ಜ್ವರದ ರೀತಿ. ಅದು ಏಷ್ಯಾಕ್ಕೆ ಬಂದುಬಿಟ್ಟಿತೇ? ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಜೊತೆಯವರು ಮಾರ್ಚ್‌ನಲ್ಲೇ ಮಂಗದ ದೇಹದಿಂದ ವೈರಾಣುವನ್ನು ಬೇರ್ಪಡಿಸಿದರು. ಹಳದಿ ಜ್ವರದ್ದಲ್ಲ. ಈ ಹೊಸ ವೈರಾಣುವಿನ ದಾಯಾದಿ ಇದ್ದದ್ದು ರಷ್ಯಾದ ಕಾಡುಗಳಲ್ಲಿ, ಉಣುಗು ಕಚ್ಚಿ ಬರುವ ಮಿದುಳುಜ್ವರದಲ್ಲಿ. ಕ್ಯಾಸನೂರಿನ ಉಣುಗುಗಳಲ್ಲೂ ಅದೇ ವೈರಾಣು ಸಿಕ್ಕಿತು. ವಲಸೆ ಹಕ್ಕಿಗಳೇನಾದರೂ ಹೊತ್ತು ತಂದವೇ ಎಂದು ಪಕ್ಷಿತಜ್ಞ ಸಲೀಂ ಅಲಿಯವರ ಬಳಗ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ನೋಡಿತು. ಅದಕ್ಕೆ ಪುರಾವೆ ದೊರೆಯಲಿಲ್ಲ.

ಕತೆಯನ್ನು ಇಲ್ಲಿಗೇ ಮುಗಿಸುವವರಿದ್ದಾರೆ. ನನಗೆ ದೊಡ್ಡದೆನಿಸುವುದು ಮುಂದಿನ ಶೋಧ. ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಷೆಲ್ ದನಗಳ ಹಿಂದೆ ನಡೆದರು. ಕಾಡು ಕಡಿದು ಗದ್ದೆ ಮಾಡಿದ ಕಡೆ ಅಂಚಿನಲ್ಲಿ ಲಂಟಾನ ಬೆಳೆಯುತ್ತದೆ, ದನ ಅಲ್ಲಿ ಮೇಯುತ್ತದೆ. ಬೆಳೆದ ಉಣುಗು ದನದ ರಕ್ತ ಕುಡಿದು ಉಬ್ಬಿ ತರಗೆಲೆಯ ಮೇಲೆ ಉದುರಿ, ಸಾವಿರಾರು ಮೊಟ್ಟೆಯಿಡುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ದನ ಮೇದಷ್ಟೂ ಉಣುಗು ಹೆಚ್ಚುತ್ತದೆ. ಇದನ್ನು ಅವರು 1969ರಲ್ಲಿ ಪ್ರಕಟಿಸಿದರು.

ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಮರಿ ಉಣುಗು. ಎಳ್ಳಿನಷ್ಟು ಸಣ್ಣದು, ಕಣ್ಣಿಗೆ ಬೀಳುವುದೇ ಕಷ್ಟ. ಮಳೆಗಾಲ ಕಳೆದ ಮೇಲಿಂದ ಬೇಸಿಗೆಯವರೆಗೆ ಅದರ ಕಾಲ. ನಮ್ಮಲ್ಲಿ ಹಾಡಿಯಿಂದ ತರಗೆಲೆ ಗುಡಿಸಿ ತಂದು ಹಟ್ಟಿಗೆ ಹಾಸುವುದೂ, ಸೌದೆ ಕೂಡಿಡುವುದೂ ಅದೇ ತಿಂಗಳುಗಳಲ್ಲಿ. ಹಟ್ಟಿಗೊಬ್ಬರವಿಲ್ಲದೆ ಗದ್ದೆಯಿಲ್ಲ, ತೋಟವಿಲ್ಲ. ಎರಡೆಕರೆಯ ರೈತನಿಗೆ ಹಾಡಿಗೆ ಹೋಗಬೇಡ ಎನ್ನುವುದು ಉಣ್ಣಬೇಡ ಎಂದ ಹಾಗೆ.

ಘಟ್ಟದ ಕೆಳಗಿನವರಿಗೂ ಈ ಕಾಯಿಲೆ ದೂರದ ಮಾತಾಗಿ ಉಳಿಯಲಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆ ಕಡೆ ಕಾಡು ಕಡಿದ ಮೇಲೆ ರೋಗ ಕಾಣಿಸಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಆಗ ಬೆಳ್ತಂಗಡಿಯಿದ್ದ ಜಿಲ್ಲೆಯಲ್ಲೇ ಇದ್ದವು. 2019ರಲ್ಲಿ ಘಟ್ಟದ ಮೇಲಿನ ಸಾಗರ ತಾಲೂಕಿನ ಅರಳಗೋಡಿನಲ್ಲಿ ಇದೇ ಕಾಯಿಲೆಯಿಂದ ಜನ ಸಾಯುತ್ತಿದ್ದಾಗ, ಕುಂದಾಪುರ ಕಡೆಯ ಕಾಡಂಚಿನಲ್ಲಿ ಸತ್ತ ಮಂಗಗಳಲ್ಲೂ ವೈರಾಣು ಪತ್ತೆಯಾಯಿತು. 2020ರಲ್ಲಿ ಭಾರತ ಮತ್ತು ಬ್ರಿಟನ್‌ನ ಸಂಶೋಧಕರು ಸೇರಿ ಅಪಾಯದ ನಕ್ಷೆ ಬರೆದರು. ನಿತ್ಯಹಸುರಿನ ಕಾಡೂ ತೋಟವೂ ಹೆಣೆದುಕೊಂಡಿರುವ, ನಾಟಿ ದನ ಹೆಚ್ಚಿರುವ ಜಾಗಗಳಲ್ಲಿ ಅಪಾಯ ಹೆಚ್ಚು ಎಂದರು.

ಆ ವಿವರಣೆ ಓದುವಾಗ ನನ್ನ ಕಣ್ಣಮುಂದೆ ಬಂದದ್ದು ಅಮಾಸೆಬೈಲು, ಹೊಸಂಗಡಿ, ಕೊಲ್ಲೂರಿನ ದಾರಿ. ಒಂದು ಮಗ್ಗುಲಿಗೆ ಅಡಿಕೆ ತೋಟ, ಇನ್ನೊಂದಕ್ಕೆ ಕಾಡು, ನಡುವೆ ಸಂಜೆ ಹೊತ್ತಿಗೆ ಹಟ್ಟಿಗೆ ಮರಳುವ ದನ. ಉಣುಗು ಕಚ್ಚದಂತೆ ಮೈಗೆ ಡೆಪಾ ತೈಲ ಹಚ್ಚಿಕೊಂಡು ಹಾಡಿಗೆ ಹೋಗಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ ಎಂದು ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೇಳುತ್ತಾರೆ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಕೂಡಲೇ ತಿಳಿಸಿ ಎಂದೂ ಹೇಳುತ್ತಾರೆ.