ಒಂದು ಚಮಚದ ಲೆಕ್ಕ

ಹೊಸತೊಡಕಿನ ಬಾಡೂಟ ಮುಗಿದ ಮರುದಿನ ಬೆಳಿಗ್ಗೆ ಮನೆಯಲ್ಲಿ ಮೊದಲು ಕಣ್ಣುಬಿಡುವುದು ಮಕ್ಕಳು. ತಡವಾಗಿ ಮಲಗಿದ ದೊಡ್ಡವರು ಇನ್ನೂ ಎದ್ದಿರುವುದಿಲ್ಲ. ಟೀಪಾಯಿಯ ಮೇಲೆ ಅರ್ಧರ್ಧ ಉಳಿದ ಲೋಟಗಳು, ಅವುಗಳಲ್ಲಿ ಕೋಲಾ ಬೆರೆಸಿದ ರಮ್. ಎರಡು ವರ್ಷದ ಕೂಸಿಗೆ ಅದು ಬರೀ ಕೋಲಾ. ಎತ್ತಿ ಕುಡಿದುಬಿಡುತ್ತದೆ.

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಎಂಎಲ್, ಅಂದರೆ ಒಂದು ಸಣ್ಣ ಪೆಗ್, 10 ಕೆ.ಜಿ. ತೂಕದ ಮಗುವಿನ ಹೊಟ್ಟೆ ಸೇರಿದರೆ ಪ್ರತಿ 100 ಎಂಎಲ್ ರಕ್ತಕ್ಕೆ ಸುಮಾರು 150 ಮಿ.ಗ್ರಾಂ. ಆಲ್ಕೋಹಾಲ್ ಬೆರೆಯಬಹುದು. ಗಾಡಿ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ 30 ಮಿ.ಗ್ರಾಂ. ಶೇ 70ರ ಸ್ಯಾನಿಟೈಸರ್ ಆದರೆ ಅಷ್ಟೇ ತೂಕದ ಮಗು ಒಂದೇ ಚಮಚಕ್ಕೆ ಈ ಮಿತಿ ದಾಟಬಹುದು.

ಹಾಗಾಗಿ ‘ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಸೆಂಟು, ಆಫ್ಟರ್‌ಶೇವ್, ಕೆಲವು ಮೌತ್‌ವಾಶ್‌ಗಳು, ಗಾಯ ಒರೆಸುವ ಸ್ಪಿರಿಟ್ ಎಲ್ಲದರಲ್ಲೂ ಆಲ್ಕೋಹಾಲ್ ಇದೆ. 2021ರ ಜನವರಿ 31ರಂದು ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಪೋಲಿಯೊ ಹನಿ ಎಂದುಕೊಂಡು 12 ಮಕ್ಕಳ ಬಾಯಿಗೆ ಸ್ಯಾನಿಟೈಸರ್ ಹಾಕಿದ್ದರು. ಮಕ್ಕಳು ಆಸ್ಪತ್ರೆ ಸೇರಿ ಚೇತರಿಸಿಕೊಂಡರು. ಆರೋಗ್ಯ ಕಾರ್ಯಕರ್ತರ ಕೈಯೇ ತಪ್ಪುವಾಗ, ಬಣ್ಣ ಮತ್ತು ಘಮಕ್ಕೆ ಮರುಳಾಗುವ ಕೂಸಿಗೆ ಏನು ತಿಳಿದೀತು?

ದೊಡ್ಡವರು ಕುಡಿದರೆ ಮಲಗಿ ಏಳುತ್ತಾರೆ. ‘ಮಗುವೂ ನಿದ್ದೆ ಮಾಡಿದರೆ ಸರಿಹೋಗುತ್ತದೆ’ ಎಂಬ ಮಾತು ಮಾತ್ರ ಬಹಳ ಅಪಾಯಕಾರಿ. ಊಟವಿಲ್ಲದ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತು. ಆಲ್ಕೋಹಾಲ್ ಕರಗಿಸುವ ಕೆಲಸಕ್ಕೆ ಇಳಿದಾಗ ಅದಕ್ಕೆ ಹೊಸದಾಗಿ ಸಕ್ಕರೆ ತಯಾರಿಸಲು ಆಗುವುದಿಲ್ಲ. ಪುಟ್ಟ ಮಕ್ಕಳಲ್ಲಿ ಕೂಡಿಟ್ಟ ಸಕ್ಕರೆಯೂ ಕಡಿಮೆ. ಬೆಳಗಿನ ಖಾಲಿ ಹೊಟ್ಟೆಯಲ್ಲಂತೂ ಇನ್ನೂ ಕಡಿಮೆ. ಸಕ್ಕರೆ ಕುಸಿಯುತ್ತದೆ, ಮೈ ತಣ್ಣಗಾಗುತ್ತದೆ, ಫಿಟ್ಸ್ ಬರಬಹುದು, ಉಸಿರು ನಿಧಾನವಾಗಬಹುದು. ನೋಡುವವರಿಗೆ ಮಗು ಹಾಯಾಗಿ ಮಲಗಿದಂತೆ ಕಾಣುತ್ತದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಅದರ ಪ್ಯಾಕೆಟ್‌ಗಳೂ ಹೋದವು. ಅಗ್ಗದ ವಿಸ್ಕಿ ಈಗ 90 ಎಂಎಲ್‌ನ ಟೆಟ್ರಾ ಪ್ಯಾಕ್‌ಗಳಲ್ಲಿ ಸಿಗುತ್ತದೆ. ಅಂಗಡಿಯ ಮಾವಿನ ಜ್ಯೂಸ್ ಬರುವುದೂ ಅಂಥದ್ದೇ ಪ್ಯಾಕಿನಲ್ಲಿ. ಇವು ಹಣ್ಣಿನ ರಸದ ಡಬ್ಬದಂತೆ ಕಾಣುತ್ತವೆ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಆತಂಕಪಟ್ಟಿತು. ಓದಲು ಬಾರದ ಮಗುವಿಗೆ ಎಚ್ಚರಿಕೆಯ ಅಕ್ಷರದಿಂದ ಉಪಯೋಗವಿಲ್ಲ. ಈ ಪ್ಯಾಕ್ ನಿಲ್ಲಲೇಬೇಕು ಎಂಬುದು ನನ್ನ ನಿಲುವು.

ಇನ್ನು ಶೀತಕ್ಕೆ ಬಾಯಿಗೆ ಎರಡು ಹನಿ ಬ್ರಾಂಡಿ, ಜ್ವರಕ್ಕೆ ಮೈಗೆ ಸ್ಪಿರಿಟ್ ಬಟ್ಟೆ. ಅಜ್ಜಿಯರು ಇದನ್ನು ಪ್ರೀತಿಯಿಂದಲೇ ಮಾಡಿದರು. ಆದರೆ ಸ್ಪಿರಿಟ್ ಚರ್ಮದ ಮೂಲಕ, ಉಸಿರಿನ ಮೂಲಕ ಒಳಗೆ ಹೋಗುತ್ತದೆ. ಎರಡನ್ನೂ ಬಿಟ್ಟುಬಿಡೋಣ.

ಬಾಟಲಿಗಳಿಗೆ ಬೀಗವಿರುವ ಬೀರು ಬೇಕು. ಮೇಲಿನ ಶೆಲ್ಫಿಗೆ ಮಗು ಕುರ್ಚಿ ಎಳೆದುಕೊಂಡು ಹತ್ತುತ್ತದೆ. ನೀರಿನ ಬಾಟಲಿಗೆ ಮದ್ಯವನ್ನಾಗಲಿ ಸ್ಪಿರಿಟನ್ನಾಗಲಿ ಬಗ್ಗಿಸಿಡಬೇಡಿ. ನೆಂಟರ ಕೈಚೀಲದಲ್ಲಿರುವ ಸ್ಯಾನಿಟೈಸರ್ ನೆನಪಿರಲಿ. ಲೋಟಗಳನ್ನು ಆ ರಾತ್ರಿಯೇ ತೊಳೆದಿಡಿ.

ಮಗು ಕುಡಿದಿದೆ ಎಂಬ ಅನುಮಾನ ಬಂದರೂ ಸಾಕು, ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ತಣ್ಣೀರು ಹೊಯ್ಯುವುದು, ಕಾಫಿ ಕುಡಿಸುವುದು ಬೇಡ. ಮಂಪರಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬೆಚ್ಚಗಿಡಿ, ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಆಸ್ಪತ್ರೆಯಲ್ಲಿ ನಿಜ ಹೇಳಿ. ನಾಚಿಕೆಗೋ ಅತ್ತೆ ಮಾವಂದಿರ ಅಂಜಿಕೆಗೋ ‘ಏನೋ ತಿಂದಿದೆ’ ಎಂದರೆ ವೈದ್ಯರು ಬೇರೆ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ. ವಿಷಯ ಗೊತ್ತಾದರೆ ಕೂಡಲೇ ಸಕ್ಕರೆ ಮಟ್ಟ ನೋಡಿ ಗ್ಲೂಕೋಸ್ ಹಾಕುತ್ತಾರೆ. ಪೊಲೀಸ್ ಕೇಸಿನ ಭಯವೂ ಹಲವರನ್ನು ತಡೆಯುತ್ತದೆ. ವಿಷಪ್ರಾಶನದ ಪ್ರಕರಣವನ್ನು ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ಬರೆದುಕೊಳ್ಳುವುದು ವಾಡಿಕೆ. ಆದರೆ ಅದಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ, ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ಪರಮಾನಂದ ಕಟಾರಾ ಪ್ರಕರಣದಲ್ಲಿ, ಹೇಳಿದೆ.