ಪಂಜರದಲ್ಲೂ ಹಿಂಡು ಬೇಕು

ಕಲಘಟಗಿ ಕಡೆಯ ರೈತರಿಗೆ ಮುಸಿಯಾ ಮಂಗ ಹೊಸದಲ್ಲ. ಗೋವಿನಜೋಳದ ಹೊಲಕ್ಕೆ ಬರುವುದೂ ಹಿಂಡಾಗಿ, ಓಡಿಸಿದರೆ ಹೋಗುವುದೂ ಹಿಂಡಾಗಿ. ಆ ಹಿಂಡಿನ ಒಳಗುಟ್ಟೊಂದು ಜಗತ್ತಿಗೆ ತಿಳಿದದ್ದು ನಮ್ಮ ಧಾರವಾಡದ ಕಾಡಿನಿಂದ. 1961ರಿಂದ 63ರವರೆಗೆ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ಮತ್ತು ಜೊತೆಗಾರರು ಇಲ್ಲಿಯ ಮುಸಿಯಾಗಳ ಬೆನ್ನುಹತ್ತಿದ್ದರು. 1962ರಲ್ಲಿ ಹೊರಗಿನ ಗಂಡುಗಳು ಒಂದು ಹಿಂಡಿನ ಮೇಲೆ ಬಿದ್ದು ಅದರ ಯಜಮಾನನನ್ನು ಓಡಿಸಿದವು. ಉಳಿದುಕೊಂಡ ಹೊಸ ಗಂಡು ಹಿಂಡಿನ ಮರಿಗಳನ್ನು ಒಂದೊಂದಾಗಿ ಕಚ್ಚಿ ಹಾಕಿತು. 1965ರಲ್ಲಿ ಈ ವರದಿ ಅಚ್ಚಾದಾಗ ವಿಜ್ಞಾನಿಗಳೇ ನಂಬಲು ಹಿಂದೆಮುಂದೆ ನೋಡಿದರು.

ಔಷಧ ಸಂಶೋಧನೆಗೆ ಮಂಗಗಳನ್ನು ಸಾಕುವವರು ಮರೆಯಬಾರದ ಘಟನೆಯಿದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಶಿಷ್ಯರು ಸಂತಾನನಿಯಂತ್ರಣದ ಸಂಶೋಧನೆಗೆ ನೆಚ್ಚಿಕೊಂಡಿದ್ದು ನಮ್ಮ ಊರೂರಲ್ಲಿ ಕಾಣುವ ಕೆಂಪು ಮೂತಿಯ ಮಂಗಗಳನ್ನೇ. ಹೊರದೇಶಗಳ ಪ್ರಯೋಗಾಲಯಗಳಿಗೆ ಹೋಗುತ್ತಿದ್ದ ಉತ್ತರ ಭಾರತದ ರೀಸಸ್ ಮಂಗಗಳ ರಫ್ತನ್ನು ಸರ್ಕಾರ 1978ರಲ್ಲಿ ನಿಲ್ಲಿಸಿತು. ಆಮೇಲೆ ಹೊರದೇಶಗಳಲ್ಲಿ ಮಂಗಗಳನ್ನು ಸಾಕಿ ಮರಿಮಾಡಿಸುವುದು ಹೆಚ್ಚಿತು.

ಬಹುಕಾಲ ಒಂದು ಪಂಜರಕ್ಕೆ ಒಂದೇ ಮಂಗ ಎಂಬ ರೂಢಿಯಿತ್ತು. ರಕ್ತ ತೆಗೆಯಲು ಸುಲಭ, ಜಗಳವಿಲ್ಲ. ಆದರೆ ಒಂಟಿ ಮಂಗ ತನ್ನ ಕೂದಲು ಕಿತ್ತುಕೊಳ್ಳುತ್ತದೆ, ತನ್ನ ತೋಳನ್ನೇ ಕಚ್ಚುತ್ತದೆ, ನಿಂತಲ್ಲೇ ಸುತ್ತುತ್ತದೆ. ಹೀಗೆ ಕಂಗೆಟ್ಟ ದೇಹದಲ್ಲಿ ಔಷಧ ಪರೀಕ್ಷಿಸಿದರೆ ಸಿಗುವ ಉತ್ತರವನ್ನು ಎಷ್ಟರಮಟ್ಟಿಗೆ ನಂಬುವುದು?

ಹಾಗೆಂದು ಎರಡನ್ನು ಸುಮ್ಮನೆ ಕೂಡಿಹಾಕಿದರೆ ಆಗುವುದು ಧಾರವಾಡದ ಕಾಡಿನಲ್ಲಿ ಆದದ್ದೇ. ಜೊತೆ ಮಾಡಿಸುವುದೇ ಒಂದು ಕಸುಬು. ಮೊದಲು ನಡುವೆ ಜಾಲರಿ ಇಟ್ಟು ದಿನಗಟ್ಟಲೆ ನೋಡಬೇಕು. ತುಟಿ ಲೊಚಗುಟ್ಟಿಸುತ್ತವೆಯೇ, ಜಾಲರಿಯ ಸಂದಿಯಿಂದ ಕೈಹಾಕಿ ಹೇನು ಹೆಕ್ಕುತ್ತವೆಯೇ? ಆಮೇಲಷ್ಟೇ ಜಾಲರಿ ತೆಗೆಯುವುದು. ಮೇವು ಒಂದೇ ಕಡೆ ಇಡಬಾರದು. ಬಲಿಷ್ಠನ ಕಣ್ಣು ತಪ್ಪಿಸಲು ಅಡ್ಡಗೋಡೆ, ಓಡಲು ಎರಡು ಬಾಗಿಲು, ಕೂರಲು ಎತ್ತರದ ಹಲಗೆ ಬೇಕು. ಮಂಗ ಭಯವಾದಾಗ ಮೇಲಕ್ಕೇ ಹತ್ತುವ ಪ್ರಾಣಿ. ಹೊಟ್ಟಿನಲ್ಲಿ ಕಾಳು ಬೆರೆಸಿ ಚೆಲ್ಲಿದರೆ ಆಯುತ್ತ ಹೊತ್ತು ಕಳೆಯುತ್ತವೆ.

ಯುರೋಪಿನ 2010ರ ನಿಯಮ ರೀಸಸ್ ಮತ್ತು ಕೆಂಪು ಮೂತಿಯ ಮಂಗಗಳ ಬಳಗದ ಗೂಡು ಕನಿಷ್ಠ 1.8 ಮೀಟರ್ ಎತ್ತರವಿರಬೇಕೆನ್ನುತ್ತದೆ. 8 ತಿಂಗಳಾಗುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದೆನ್ನುತ್ತದೆ. ನಮ್ಮಲ್ಲೂ ಪ್ರಾಣಿಪ್ರಯೋಗಗಳ ಮೇಲ್ವಿಚಾರಣೆಗೆ 1998ರಿಂದ ನಿಯಮಗಳಿವೆ, ಸಂಸ್ಥೆಗಳಲ್ಲಿ ನೀತಿ ಸಮಿತಿಗಳಿವೆ. ಆ ಸಮಿತಿಯಲ್ಲಿ ಕೂರುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಅರ್ಜಿಗೆ ಸಹಿ ಹಾಕುವ ಮುನ್ನ ಒಮ್ಮೆ ಪಂಜರದ ಮುಂದೆ ಹೋಗಿ ನಿಲ್ಲಿ, ಒಳಗೆ ಎಷ್ಟು ಮಂಗಗಳಿವೆ ಎಂದು ಎಣಿಸಿ.