ತಾಳೆ ನೋಡುವ ಹೊತ್ತು

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಈ ಗಾದೆಯ ಇಕ್ಕಟ್ಟು ಡೇಟಾಬೇಸ್ ಕಟ್ಟುವವರಿಗೆ ದಿನದ ಕೆಲಸದಲ್ಲೇ ಎದುರಾಗುತ್ತದೆ.

ಒಂದು ಕಾಲೇಜಿನ ಡೇಟಾಬೇಸ್ ಇದೆ ಎನ್ನಿ. ಅದರಲ್ಲಿ ವಿಭಾಗಗಳದೊಂದು ಟೇಬಲ್, ಅಧ್ಯಾಪಕರದೊಂದು ಟೇಬಲ್. ಪ್ರತಿ ಅಧ್ಯಾಪಕರೂ ಯಾವುದಾದರೊಂದು ವಿಭಾಗಕ್ಕೆ ಸೇರಿರಲೇಬೇಕು. ಪ್ರತಿ ವಿಭಾಗಕ್ಕೂ ಒಬ್ಬ ಮುಖ್ಯಸ್ಥರಿರಲೇಬೇಕು, ಅವರ ಹೆಸರು ಅಧ್ಯಾಪಕರ ಟೇಬಲ್‌ನಲ್ಲಿ ಇರಲೇಬೇಕು. ಎರಡೂ ನ್ಯಾಯವಾದ ನಿಯಮಗಳೇ. ಈಗ ಹೊಸದಾಗಿ ಭೂವಿಜ್ಞಾನ ವಿಭಾಗ ತೆರೆಯಬೇಕು, ಅದನ್ನು ನಡೆಸಲು ಹೊಸ ಮುಖ್ಯಸ್ಥೆ ಬಂದಿದ್ದಾರೆ. ವಿಭಾಗದ ಸಾಲನ್ನು ಮೊದಲು ಬರೆಯಹೋದರೆ, ಆ ಮುಖ್ಯಸ್ಥೆ ಪಟ್ಟಿಯಲ್ಲಿಲ್ಲ ಎಂದು ಡೇಟಾಬೇಸ್ ತಡೆಯುತ್ತದೆ. ಅವರ ಸಾಲನ್ನೇ ಮೊದಲು ಬರೆಯೋಣವೆಂದರೆ, ಆ ವಿಭಾಗವೇ ಇಲ್ಲ ಎಂದು ತಡೆಯುತ್ತದೆ. ಎರಡೂ ಸಾಲು ಬಿದ್ದ ಮೇಲೆ ಎಲ್ಲ ಸರಿಯಾಗಿಯೇ ಇರುತ್ತದೆ, ಆದರೆ ಅಲ್ಲಿಗೆ ತಲುಪಲು ದಾರಿಯಿಲ್ಲ.

ಇಂಥ ನಿಯಮಗಳಿಗೆ ಕಂಪ್ಯೂಟರ್ ಮಂದಿ ಕನ್‌ಸ್ಟ್ರೇಂಟ್ ಎನ್ನುತ್ತಾರೆ. ಒಂದು ಟೇಬಲ್‌ನ ಸಾಲು ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವಾಗ ತೋರಿಸಿದ್ದು ನಿಜಕ್ಕೂ ಅಲ್ಲಿರಬೇಕು ಎಂಬುದು ಫಾರಿನ್ ಕೀ. ಒಂದು ಕಾಲಂನಲ್ಲಿ ಅದೇ ಮೌಲ್ಯ ಎರಡು ಸಲ ಬರಕೂಡದು ಎಂಬುದು ಯೂನಿಕ್. ನಿಯಮ ಏನು ಹೇಳುತ್ತದೆ ಎಂಬುದರ ಬಗ್ಗೆ ನಾವು ತುಂಬ ತಲೆ ಕೆಡಿಸಿಕೊಳ್ಳುತ್ತೇವೆ. ಅದನ್ನು ಯಾವಾಗ ತಾಳೆ ನೋಡಬೇಕು ಎಂಬ ಪ್ರಶ್ನೆ ಮಾತ್ರ ಮೂಲೆಗೆ ಬೀಳುತ್ತದೆ. ನನ್ನ ಮಟ್ಟಿಗೆ ಅದೂ ಅಷ್ಟೇ ಮುಖ್ಯ.

ಪ್ರಶ್ನೆ ಹಳೆಯದು. ಇವತ್ತಿನ ಡೇಟಾಬೇಸ್‌ಗಳಿಗೆ ಬುನಾದಿ ಹಾಕಿದ ಎಡ್ಗರ್ ಕಾಡ್ ಐಬಿಎಂ ಸಂಸ್ಥೆಯಲ್ಲಿದ್ದಾಗ, 1970ರ ಜೂನ್‌ನಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಇದನ್ನು ಎತ್ತಿದ್ದರು. ಸಾಲು ಸೇರಿಸಿದಾಗ, ಅಳಿಸಿದಾಗಲೆಲ್ಲ ಪರೀಕ್ಷಿಸುವುದು ಒಂದು ಬಗೆ. ಆದರೆ ಕೆಲಸ ನಿಧಾನವಾಗುತ್ತದೆ. ದಿನಕ್ಕೊಮ್ಮೆ ಒಟ್ಟಿಗೆ ಪರೀಕ್ಷಿಸುವುದು ಇನ್ನೊಂದು ಬಗೆ. ಹೀಗೆ ಎರಡನ್ನೂ ಅವರು ತೂಗಿ ನೋಡಿದ್ದರು. ಆರು ವರ್ಷದ ಮೇಲೆ, 1976ರಲ್ಲಿ, ಅದೇ ಸಂಸ್ಥೆಯ ಈಶ್ವರನ್, ಜಿಮ್ ಗ್ರೇ, ಲೋರಿ ಮತ್ತು ಟ್ರೈಗರ್ ಬ್ಯಾಂಕಿನ ಉದಾಹರಣೆ ಕೊಟ್ಟರು. ಒಂದು ಖಾತೆಯಿಂದ ಹಣ ತೆಗೆದು ಇನ್ನೊಂದಕ್ಕೆ ಹಾಕುವ ನಡುವೆ ಒಂದು ಗಳಿಗೆ ಆ ಹಣ ಎರಡು ಕಡೆಯೂ ಇರುವುದಿಲ್ಲ. ಆ ಗಳಿಗೆಯಲ್ಲಿ ಒಟ್ಟು ಮೊತ್ತದ ನಿಯಮ ಮುರಿದಿರುತ್ತದೆ, ಮುರಿಯದೆ ಗತ್ಯಂತರವೇ ಇಲ್ಲ. ಹಾಗಾಗಿ ಇಂಥ ಹೆಜ್ಜೆಗಳನ್ನು ಒಂದು ಗಂಟು ಕಟ್ಟಿ, ಆದರೆ ಎಲ್ಲವೂ, ಇಲ್ಲವಾದರೆ ಏನೂ ಇಲ್ಲ ಎಂಬಂತೆ ನಡೆಸಬೇಕು. ಆ ಗಂಟೇ ಟ್ರಾನ್ಸಾಕ್ಷನ್. ಗಂಟು ಬಿಚ್ಚಿ ಲೋಕಕ್ಕೆ ತೋರಿಸುವ ಗಳಿಗೆ ಕಮಿಟ್. ಅಲ್ಲಿಯವರೆಗೆ ಒಳಗಿನ ಅರೆಬರೆ ಸ್ಥಿತಿ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಬೀಳದಿದ್ದರೆ ಅಷ್ಟು ಹೊತ್ತು ನಿಯಮ ಕಾಯಬಹುದಲ್ಲವೇ?

ಕಾಯಬಹುದು ಎಂದು ಡೇಟಾಬೇಸ್‌ಗಳ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್‌ನ 1992ರ ಮಾನಕ ಬರೆದೇಬಿಟ್ಟಿತು. ನಿಯಮ ಹಾಕುವಾಗಲೇ ಅದಕ್ಕೆ 'ಡಿಫರೆಬಲ್', ಅಂದರೆ ಮುಂದೂಡಬಹುದಾದದ್ದು, ಎಂದು ಗುರುತು ಹಾಕಬಹುದು. ಹಾಗೆ ಗುರುತಿಟ್ಟದ್ದನ್ನು 'ಸೆಟ್ ಕನ್‌ಸ್ಟ್ರೇಂಟ್ಸ್' ಎಂಬ ಆದೇಶದಿಂದ ಆ ಟ್ರಾನ್ಸಾಕ್ಷನ್ ಮಟ್ಟಿಗೆ ಮುಂದೂಡಬಹುದು, ಬೇಕೆಂದಾಗ ತಕ್ಷಣದ ಪರೀಕ್ಷೆಗೆ ಮರಳಿಸಲೂಬಹುದು. ನಮ್ಮ ಭೂವಿಜ್ಞಾನ ವಿಭಾಗ ಹುಟ್ಟುವುದು ಹೀಗೆ. ಟ್ರಾನ್ಸಾಕ್ಷನ್ ತೆರೆದು, ನಿಯಮಗಳನ್ನು ಮುಂದೂಡಿ, ಎರಡು ಸಾಲನ್ನೂ ಯಾವ ಕ್ರಮದಲ್ಲಾದರೂ ಬರೆದು, ಕಮಿಟ್ ಎಂದರೆ ಆಯಿತು. ಡೇಟಾಬೇಸ್ ಆಗ ತಾಳೆ ನೋಡುತ್ತದೆ, ಎರಡೂ ಇರುತ್ತವೆ.

ಫಾರಿನ್ ಕೀ ಕತೆ ಇಷ್ಟಾದರೆ, ಯೂನಿಕ್ ನಿಯಮದ ಕತೆ ಇನ್ನೂ ಸೂಕ್ಷ್ಮ. ಸಂಗೀತ ಕಚೇರಿಯೊಂದರ ಪಟ್ಟಿ ತೆಗೆದುಕೊಳ್ಳಿ: 1 ವರ್ಣ, 2 ಕೃತಿ, 3 ತಿಲ್ಲಾನ. ಒಂದೇ ಸಂಖ್ಯೆ ಎರಡಕ್ಕೆ ಬರಕೂಡದು ಎಂಬ ನಿಯಮವಿದೆ. ಗಣಪತಿ ಸ್ತುತಿಯಿಂದ ಶುರುವಾಗಲಿ ಎಂದು ಯಾರೋ ಹೇಳಿದರು. ಸರಿ, 1 ತೆರವಾಗಲೆಂದು, ಎಲ್ಲದರ ಸಂಖ್ಯೆಗೂ ಒಂದು ಕೂಡಿಸು ಎಂದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಹೇಳುತ್ತೇವೆ. ಅದು ಮೊದಲ ಸಾಲಿಗೆ ಹೋಗಿ ವರ್ಣವನ್ನು 2 ಮಾಡುತ್ತದೆ. ಕೃತಿ ಇನ್ನೂ 2ರಲ್ಲೇ ಕುಳಿತಿದೆ. ತಕ್ಷಣ ನಕಲು ಸಿಕ್ಕಿತೆಂದು ದೋಷ ವರದಿಯಾಗುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದೇ ಮೂರು ಸಾಲುಗಳನ್ನು ಮೊದಲಿಗೆ ತಿಲ್ಲಾನ, ಕೃತಿ, ವರ್ಣ ಎಂದು ತಲೆಕೆಳಗಾಗಿ ತುಂಬಿ ಅದೇ ಆದೇಶ ಕೊಟ್ಟು ನೋಡಿ. 3 ಹೋಗಿ 4 ಆಗುತ್ತದೆ, ತೆರವಾದ 3ಕ್ಕೆ ಕೃತಿ ಬರುತ್ತದೆ, ತೆರವಾದ 2ಕ್ಕೆ ವರ್ಣ. ಎಲ್ಲೂ ತಡೆಯಿಲ್ಲ. ಒಂದೇ ಮಾಹಿತಿ, ಒಂದೇ ಆದೇಶ. ಡಿಸ್ಕಿನಲ್ಲಿ ಸಾಲುಗಳು ಕೂತ ಕ್ರಮ ಬೇರೆಯಾದದ್ದಕ್ಕೆ ಒಂದು ಸಲ ಸೋಲು, ಒಂದು ಸಲ ಗೆಲುವು. ಪರೀಕ್ಷೆಯ ದಿನ ಸರಿಯಾಗಿ ನಡೆದು, ಬಳಕೆಗೆ ಬಿಟ್ಟ ಮೇಲೆ ಕೈಕೊಡುವ ಪ್ರೋಗ್ರಾಂಗಳ ಹಿಂದೆ ಇಂಥ ಕಾರಣಗಳಿರುತ್ತವೆ. ಆದ್ದರಿಂದಲೇ ಇದನ್ನು ಇಷ್ಟು ಹತ್ತಿರದಿಂದ ತೋರಿಸಿದೆ.

ಮಾನಕದ ಪ್ರಕಾರ ತಾಳೆ ನೋಡಬೇಕಾದದ್ದು ಇಡೀ ಆದೇಶ ಮುಗಿದ ಮೇಲೆ. ಪೋಸ್ಟ್‌ಗ್ರೆಸ್ ಯೂನಿಕ್ ನಿಯಮವನ್ನು ಇಂಡೆಕ್ಸ್ ಎಂಬ ಹುಡುಕುಪಟ್ಟಿಯ ಮೂಲಕ ಕಾಯುವುದರಿಂದ, ಇಂಡೆಕ್ಸ್‌ಗೆ ಒಂದೊಂದು ಮೌಲ್ಯ ಬಿದ್ದಾಗಲೂ ಅಲ್ಲೇ ನೋಡಿಬಿಡುತ್ತದೆ. 2010ರಲ್ಲಿ ಬಂದ 9.0 ಆವೃತ್ತಿಯಿಂದ ಯೂನಿಕ್ ನಿಯಮಕ್ಕೂ ಡಿಫರೆಬಲ್ ಗುರುತು ಹಾಕಬಹುದು. ಹಾಕಿದರೆ, ಮುಂದೂಡದೆ ಇದ್ದರೂ ಸಹ, ತಾಳೆ ನೋಡುವುದು ಆದೇಶದ ಕೊನೆಗೆ ಸರಿಯುತ್ತದೆ. ಹೀಗೆ ಅಲ್ಲಿ ಮೂರು ಹೊತ್ತುಗಳಿವೆ: ಸಾಲಿಗೊಮ್ಮೆ, ಆದೇಶಕ್ಕೊಮ್ಮೆ, ಟ್ರಾನ್ಸಾಕ್ಷನ್ನಿಗೊಮ್ಮೆ. ಆದರೆ ಕಾಲಂ ಖಾಲಿ ಇರಬಾರದು ಎಂಬ ನಿಯಮವನ್ನೂ, ಮೌಲ್ಯ ಇಂಥ ಮಿತಿಯೊಳಗಿರಬೇಕು ಎಂಬ ನಿಯಮವನ್ನೂ ಪೋಸ್ಟ್‌ಗ್ರೆಸ್ ಮುಂದೂಡಗೊಡುವುದಿಲ್ಲ. ಒರಾಕಲ್ ಎಂಬ ಇನ್ನೊಂದು ಡೇಟಾಬೇಸ್ ಅವನ್ನೂ ಮುಂದೂಡಲು ಬಿಡುತ್ತದೆ.

ಮುಂದೂಡಿದ್ದನ್ನು ಡೇಟಾಬೇಸ್ ನೆನಪಿಟ್ಟುಕೊಳ್ಳುವುದು ಹೇಗೆ? ನನಗೆ ತುಂಬ ಇಷ್ಟವಾದ ಭಾಗ ಇದು. ಪೋಸ್ಟ್‌ಗ್ರೆಸ್ ಒಂದು ಪಟ್ಟಿ ಬರೆದುಕೊಳ್ಳುತ್ತದೆ. ಇಂಥ ಸಾಲನ್ನು ಆಮೇಲೆ ನೋಡಬೇಕು, ಇಂಥದ್ದನ್ನೂ ನೋಡಬೇಕು ಎಂದು ಒಂದೊಂದಾಗಿ ಸೇರಿಸಿಕೊಂಡು ಹೋಗಿ, ಕಮಿಟ್ ಹೊತ್ತಿಗೆ ಪಟ್ಟಿ ಹಿಡಿದು ಒಂದೊಂದನ್ನೂ ಪರೀಕ್ಷಿಸುತ್ತದೆ. ಯೂನಿಕ್ ವಿಷಯದಲ್ಲಿ ಅದು ಇನ್ನೂ ಜಾಣ. ನಕಲಿರಬಹುದು ಎಂದು ಇಂಡೆಕ್ಸ್‌ನಲ್ಲಿ ಅನುಮಾನ ಬಂದ ಸಾಲುಗಳನ್ನಷ್ಟೇ ಪಟ್ಟಿಗೆ ಹಾಕುತ್ತದೆ. ಆಂಡ್ರಾಯ್ಡ್ ಫೋನಿನೊಳಗಿರುವ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್‌ನ ದಾರಿಯೇ ಬೇರೆ. ಅದು ಫಾರಿನ್ ಕೀಗಳಿಗಾಗಿ ಬರೀ ಒಂದು ಎಣಿಕೆ ಇಡುತ್ತದೆ. ಮುಖ್ಯಸ್ಥೆಯಿಲ್ಲದ ವಿಭಾಗ ಬಿತ್ತೋ, ಎಣಿಕೆಗೆ ಒಂದು ಕೂಡು. ಮುಖ್ಯಸ್ಥೆಯ ಸಾಲು ಬಂತೋ, ಅವರಿಗಾಗಿ ಕಾದಿದ್ದ ಸಾಲುಗಳನ್ನು ಹುಡುಕಿ ಅಷ್ಟನ್ನು ಕಳೆ. ಕಮಿಟ್ ಹೊತ್ತಿಗೆ ಎಣಿಕೆ ಸೊನ್ನೆಯಾದರೆ ಬಾಗಿಲು ತೆರೆಯುತ್ತದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಬಾಕಿ ತೀರಿದರೆ ಸರಿ. ಎಷ್ಟು ಬಾಕಿ ಎಂದು ಗೊತ್ತಿರುತ್ತದೆ, ಯಾರದು ಎಂದು ಆ ಎಣಿಕೆ ಹೇಳುವುದಿಲ್ಲ. ಬಾಕಿ ಉಳಿದಿದ್ದರೆ ಕಮಿಟ್ ಆಗುವುದಿಲ್ಲ, ಆದರೆ ಎಸ್‌ಕ್ಯೂಲೈಟ್ ಟ್ರಾನ್ಸಾಕ್ಷನ್ ತೆರೆದೇ ಇಟ್ಟು, ಸರಿಮಾಡಿ ಮತ್ತೆ ಬಾ ಎನ್ನುತ್ತದೆ. ಪೋಸ್ಟ್‌ಗ್ರೆಸ್ ಇಡೀ ಟ್ರಾನ್ಸಾಕ್ಷನ್ನನ್ನೇ ರದ್ದು ಮಾಡುತ್ತದೆ.

ಈ ಮುಂದೂಡಿಕೆಗೆ ಬೆಲೆ ತೆರಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ನ ಆ ಪಟ್ಟಿ ಮೆಮರಿಯಲ್ಲಿರುತ್ತದೆ. ಫಾರಿನ್ ಕೀ ಇರುವ ಟೇಬಲ್‌ಗೆ ಕೋಟಿಗಟ್ಟಲೆ ಸಾಲು ಒಮ್ಮೆಗೇ ಸುರಿದರೆ ಮೆಮರಿ ಸಾಲದೆ ಹೋಗಬಹುದು. ಡಿಫರೆಬಲ್ ಯೂನಿಕ್ ಕಾಲಂ ಅನ್ನು ಬೇರೆ ಟೇಬಲ್‌ನ ಫಾರಿನ್ ಕೀ ತೋರಿಸುವಂತಿಲ್ಲ, ಏಕೆಂದರೆ ಆ ಕಾಲಂನಲ್ಲಿ ಸ್ವಲ್ಪ ಹೊತ್ತು ನಕಲು ಇದ್ದಿರಬಹುದು. ಎಲ್ಲಕ್ಕಿಂತ ತೊಂದರೆಯದು, ತಪ್ಪು ನಡೆದ ಜಾಗ ಒಂದು, ಸಿಕ್ಕಿಬೀಳುವ ಜಾಗ ಇನ್ನೊಂದು. ಮೂವತ್ತು ಆದೇಶಗಳ ಹಿಂದಿನ ತಪ್ಪು ಕಮಿಟ್‌ನಲ್ಲಿ ಕಾಣಿಸಿಕೊಂಡರೆ ಹುಡುಕುವವರ ಗತಿ ಏನು? ಕ್ರಿಸ್ ಡೇಟ್ ಮತ್ತು ಹ್ಯೂ ಡಾರ್ವೆನ್ ಎಂಬ ವಿದ್ವಾಂಸರಂತೂ ಮುಂದೂಡುವುದನ್ನೇ ಒಪ್ಪುವುದಿಲ್ಲ. ಟ್ರಾನ್ಸಾಕ್ಷನ್ ಒಳಗೂ ಸುಳ್ಳು ಇರಕೂಡದು, ಹಲವು ಟೇಬಲ್‌ಗಳನ್ನು ಒಂದೇ ಆದೇಶದಲ್ಲಿ ಬದಲಿಸುವ ಸೌಲಭ್ಯ ಕೊಟ್ಟರೆ ಸಾಕು ಎಂಬುದು ಅವರ ವಾದ. ವಾದ ಗಟ್ಟಿಯಾಗಿದೆ. ಆದರೆ ನಾವು ದಿನಾ ಬಳಸುವ ಡೇಟಾಬೇಸ್‌ಗಳಲ್ಲಿ ಆ ಸೌಲಭ್ಯ ಸರಿಯಾಗಿ ಇಲ್ಲದಿರುವಾಗ ಮುಂದೂಡಿಕೆಯೇ ನಮಗಿರುವ ದಾರಿ.

ಏಕೆಂದರೆ ಇನ್ನೊಂದು ದಾರಿ ನಿಜಕ್ಕೂ ಅಪಾಯದ್ದು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಮುಂದೂಡುವ ಅನುಕೂಲವಿಲ್ಲ, ಫಾರಿನ್ ಕೀ ಪರೀಕ್ಷೆಯನ್ನೇ ಆರಿಸುವ ಸ್ವಿಚ್ ಇದೆ. ಮಾಹಿತಿ ತುಂಬುವಾಗ ಆರಿಸಿ, ತುಂಬಿದ ಮೇಲೆ ಹೊತ್ತಿಸುವುದು ಹಲವರ ರೂಢಿ. ಹೊತ್ತಿಸಿದಾಗ ಅದು ಹಿಂದೆ ತುಂಬಿದ್ದನ್ನು ತಿರುಗಿ ನೋಡುವುದಿಲ್ಲ. ಇಲ್ಲದ ಗ್ರಾಹಕರ ಹೆಸರಿನ ರಸೀದಿಗಳು, ಇಲ್ಲದ ವಿಭಾಗದ ಅಧ್ಯಾಪಕರು ಸದ್ದಿಲ್ಲದೆ ಒಳಗೆ ಉಳಿದುಬಿಡುತ್ತಾರೆ. ಮುಂದೂಡಿದ ನಿಯಮ ಕಮಿಟ್ ಬಾಗಿಲಲ್ಲಿ ನಿಂತೇ ಇರುತ್ತದೆ, ಆರಿಸಿದ ನಿಯಮ ಅಲ್ಲಿರುವುದೇ ಇಲ್ಲ. ಕೆಲಸ ಮುಗಿಯಬೇಕೆಂಬ ಅವಸರದಲ್ಲಿ ಈ ವ್ಯತ್ಯಾಸ ಮರೆಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಟೇಬಲ್‌ನ ಸಾಲುಗಳು ಯಾರದೋ ಸಂಬಳ, ಯಾರದೋ ಅಂಕಪಟ್ಟಿ.

ನಾನು ಪಾಲಿಸುವ ಕ್ರಮ ಇಷ್ಟು. ಒಂದನ್ನೊಂದು ತೋರಿಸುವ ಫಾರಿನ್ ಕೀಗಳಿಗೆ, ಸಂಖ್ಯೆ ಅದಲು ಬದಲಾಗುವ ಕಾಲಂಗಳಿಗೆ ಡಿಫರೆಬಲ್ ಗುರುತು ಹಾಕುತ್ತೇನೆ, ಆದರೆ ಎಂದಿನ ನಡೆ ತಕ್ಷಣದ ಪರೀಕ್ಷೆಯೇ ಆಗಿರಲಿ ಎನ್ನುತ್ತೇನೆ. ಬೇಕಾದ ಟ್ರಾನ್ಸಾಕ್ಷನ್ನಿನಲ್ಲಿ, ಬೇಕಾದ ನಿಯಮವನ್ನು ಹೆಸರಿಸಿಯೇ ಮುಂದೂಡುತ್ತೇನೆ. ಇಕ್ಕಟ್ಟಿನ ಕೆಲಸ ಮುಗಿದೊಡನೆ, ಕಮಿಟ್‌ಗೆ ಕಾಯದೆ, 'ಸೆಟ್ ಕನ್‌ಸ್ಟ್ರೇಂಟ್ಸ್ ಆಲ್ ಇಮ್ಮಿಡಿಯೇಟ್' ಎಂದು ಬರೆಯುತ್ತೇನೆ. ಪೋಸ್ಟ್‌ಗ್ರೆಸ್ ಆಗ ಬಾಕಿ ಇಟ್ಟಿದ್ದನ್ನೆಲ್ಲ ಆ ಆದೇಶದ ಹೊತ್ತಿಗೇ ಪರೀಕ್ಷಿಸುತ್ತದೆ, ತಪ್ಪಿದ್ದರೆ ಅಲ್ಲೇ ಹೇಳುತ್ತದೆ. ಹುಡುಕಬೇಕಾದ ಜಾಗ ಆಗ ಎರಡು ಆದೇಶಗಳ ಹಿಂದಷ್ಟೇ ಇರುತ್ತದೆ.